ಟಿಂಗ್ ಅಂದಿತು, ಕೇಳಿದವರು ಯಾರು?

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಫೀಸಿನಲ್ಲಿ ನೋಟಿಫಿಕೇಶನ್ ಅಂದರೆ ಅಕ್ಕನ ಗಂಟಲು.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಬೇಕಾದ ಸಾಮಾನುಗಳನ್ನು ತಿಂಗಳ ಬಾಡಿಗೆಗೆ ಕೊಡುವುದು ಕಂಪನಿಯ ಕೆಲಸ. ತಲೆಯ ಭಾಗ ಎತ್ತಿ ಇಳಿಸಬಹುದಾದ ಮಂಚ, ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆ, ವೀಲ್‌ಚೇರ್, ಎಲ್ಲಕ್ಕಿಂತ ಹೆಚ್ಚಾಗಿ ಆಕ್ಸಿಜನ್ ಮಿಷಿನ್. ಈ ಮಿಷಿನ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ನೈಟ್ರೋಜನ್ನನ್ನು ತಡೆದು, ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ಆಮ್ಲಜನಕವಿರುವ ಗಾಳಿಯನ್ನು ಸಣ್ಣ ಕೊಳವೆಯಲ್ಲಿ ರೋಗಿಯ ಮೂಗಿಗೆ ಕೊಡುತ್ತದೆ. ಕರೆಂಟಿನ ಮೇಲೆ ಓಡುವಂಥದ್ದು. ಕರೆಂಟು ಹೋದರೆ, ಒಳಗೇನಾದರೂ ಕೆಟ್ಟರೆ ಕೂಗುತ್ತದೆ. ಅದು ಕೂಗಿದಾಗ ಮನೆಯವರು ಗಾಬರಿಯಾಗಿ ನಮಗೆ ಫೋನ್ ಮಾಡುತ್ತಾರೆ.

ಆ ಫೋನ್ ಎತ್ತುತ್ತಿದ್ದವರು ಅಕ್ಕ. ಐವತ್ತು ದಾಟಿದ ಹೆಂಗಸು. ಮಾಲೀಕರಿಂದ ಹಿಡಿದು ಡೆಲಿವರಿ ಹುಡುಗರ ತನಕ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದ ಮೇಜು, ಮೇಜಿನ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ, ಪುಸ್ತಕದೊಳಗೆ ಸಿಕ್ಕಿಸಿದ ನೀಲಿ ಮತ್ತು ಕೆಂಪು ಪೆನ್ನು. ಫೋನ್ ಇಟ್ಟವರೇ ತಲೆ ಎತ್ತಿ ಕೂಗುತ್ತಿದ್ದರು. “ರಾಜಾಜಿನಗರದ ಮೇಷ್ಟ್ರ ಮನೆ ಮಿಷಿನ್ನು ಕೂಗ್ತಾ ಇದೆಯಂತೆ, ಆ ಕಡೆ ಯಾರಿದ್ದೀರ?” ಒಬ್ಬ ಕೈ ಎತ್ತುತ್ತಿದ್ದ. ಅಷ್ಟೇ. ಕೆಲವೊಮ್ಮೆ ಕೂಗುತ್ತಲೂ ಇರಲಿಲ್ಲ. ಎದ್ದು ಹೋಗಿ ಒಬ್ಬರ ಕಿವಿಯಲ್ಲಿ ಏನೋ ಹೇಳಿ ವಾಪಸ್ಸು ಬಂದು ಕೂರುತ್ತಿದ್ದರು. ಯಾವುದನ್ನು ಕೂಗಬೇಕು, ಯಾವುದನ್ನು ಎದ್ದು ಹೋಗಿ ಹೇಳಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೊಂದು ಕೆಲಸ ಅನ್ನುವುದೂ ನಮಗೆ ಹೊಳೆದಿರಲಿಲ್ಲ.

2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಊರಿಗೆ ಊರೇ ಆಕ್ಸಿಜನ್‌ಗಾಗಿ ಅಲೆಯಿತು. ಆಮೇಲೆ ನಮ್ಮ ಕಂಪನಿ ಬೆಳೆಯಿತು. ಒಂದು ಲೆಕ್ಕದ ಪುಸ್ತಕದಲ್ಲಿ ಹಿಡಿಯಲಾರದಷ್ಟು ಮನೆಗಳಾದವು. ಮಾಲೀಕರು ಸಿಆರ್‌ಎಂ ತೆಗೆದುಕೊಂಡರು. ಗ್ರಾಹಕರ ಹೆಸರು, ವಿಳಾಸ, ಯಾವ ಮಿಷಿನ್, ಎಂದು ಕೊಟ್ಟದ್ದು, ದುಡ್ಡು ಬಂತೋ ಇಲ್ಲವೋ, ಏನು ದೂರು, ಎಲ್ಲವನ್ನೂ ಒಂದೇ ಕಡೆ ಇಡುವ ವ್ಯವಸ್ಥೆ ಅದು. ಮಾತುಕತೆಗೆ ಸ್ಲ್ಯಾಕ್ ಬಂತು. ಇವೆರಡನ್ನೂ ನೋಡಿಕೊಳ್ಳಲು ನಾನು ಬಂದೆ.

ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ ಇವೆರಡನ್ನೂ ಒಂದಕ್ಕೊಂದು ಜೋಡಿಸುವುದು. ಸಿಆರ್‌ಎಂನಲ್ಲಿ ಏನೇ ನಡೆದರೂ ಸ್ಲ್ಯಾಕಿನಲ್ಲಿ ತಾನಾಗಿಯೇ ಸುದ್ದಿ ಬರಬೇಕು. “ಅಕ್ಕ ಎಷ್ಟು ದಿನ ಅಂತ ಕೂಗ್ತಾರೆ?” ಎಂದರು ಮ್ಯಾನೇಜರ್. ಅದರಲ್ಲಿ ಅಕ್ಕರೆ ಇತ್ತೋ ಲೆಕ್ಕಾಚಾರ ಇತ್ತೋ ನನಗೆ ಆಗ ಗೊತ್ತಾಗಲಿಲ್ಲ.

ಈ ಜೋಡಣೆ ಕಷ್ಟದ್ದೇನಲ್ಲ. ಸ್ಲ್ಯಾಕಿನಲ್ಲಿ ಒಂದು ಚಾನೆಲ್‌ಗೆ ಗುಟ್ಟಿನ ವಿಳಾಸವೊಂದನ್ನು ಮಾಡಿಕೊಳ್ಳಬಹುದು. ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಆ ಹೆಸರನ್ನು 2007ರಲ್ಲಿ ಚಲಾವಣೆಗೆ ತಂದವರು ಜೆಫ್ ಲಿಂಡ್ಸೆ ಎಂಬ ಪ್ರೋಗ್ರಾಮರ್. ಬಾಗಿಲಿನಲ್ಲಿ ಕಾಗದ ಹಾಕಲು ಕೊರೆದಿರುವ ಕಿಂಡಿ ಇದ್ದ ಹಾಗೆ ಅದು. ವಿಳಾಸ ಗೊತ್ತಿದ್ದ ಯಾವ ಪ್ರೋಗ್ರಾಂ ಬೇಕಾದರೂ ಅದರೊಳಗೆ ಚೀಟಿ ತೂರಿಸಬಹುದು, ಚೀಟಿ ಚಾನೆಲ್‌ನಲ್ಲಿ ಬಂದು ಬೀಳುತ್ತದೆ. ಇನ್ನೊಂದು ತುದಿಯಲ್ಲಿ ಸಿಆರ್‌ಎಂಗೆ ನಿಯಮ ಬರೆಯಬೇಕು. ಹೊಸ ವಿಚಾರಣೆ ಬಂದರೆ ಈ ಚೀಟಿ, ಮಿಷಿನ್ ತಲುಪಿದರೆ ಆ ಚೀಟಿ, ದೂರು ಬಂದರೆ ಇನ್ನೊಂದು ಚೀಟಿ.

ಮೊದಲ ಸಲ “ನಮಸ್ಕಾರ, ಇದು ಪರೀಕ್ಷೆ” ಎಂದು ಕಳಿಸಿದೆ. ನನ್ನ ಪರದೆಯ ಮೇಲೆ ಸ್ಲ್ಯಾಕಿನಿಂದ ಉತ್ತರ ಬಂತು: ಓಕೆ. ಚೀಟಿ ಸರಿಯಾಗಿ ಬಿದ್ದರೆ ಅದು ಹೇಳುವುದು ಅಷ್ಟೇ, ಎರಡೇ ಅಕ್ಷರ. ಮರುಕ್ಷಣ ಆಫೀಸಿನ ಎಲ್ಲ ಮೇಜುಗಳಿಂದ, ಎಲ್ಲ ಜೇಬುಗಳಿಂದ ಟಿಂಗ್ ಎಂದು ಸದ್ದಾಯಿತು. ಡೆಲಿವರಿ ಹುಡುಗನೊಬ್ಬ ಶಿಳ್ಳೆ ಹೊಡೆದ. ನನಗೆ ಊರ ಜಾತ್ರೆಯಲ್ಲಿ ತೇರು ಕದಲಿದಷ್ಟು ಖುಷಿಯಾಯಿತು.

ಒಂದು ವಾರದಲ್ಲಿ ಹನ್ನೊಂದು ಬಗೆಯ ಚೀಟಿ ಸಿದ್ಧಪಡಿಸಿದೆ. ತಿಂಗಳ ಕೊನೆಗೆ ಮ್ಯಾನೇಜರ್ ವರದಿ ಕೇಳಿದರು. ಇದರಿಂದ ಏನು ಉಳಿತಾಯ ಎಂದು ಅದರಲ್ಲೊಂದು ಸಾಲು ತುಂಬಬೇಕಿತ್ತು. ಅಕ್ಕ ದಿನಕ್ಕೆ ಎಷ್ಟು ಸಲ ಕೂಗುತ್ತಾರೆ, ಎಷ್ಟು ಸಲ ಎದ್ದು ಓಡಾಡುತ್ತಾರೆ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ “ದಿನಕ್ಕೆ 2 ಗಂಟೆ” ಎಂದು ಬರೆದೆ. ಆ ಎರಡು ಗಂಟೆ ಯಾರದ್ದು ಎಂದು ಆ ಕ್ಷಣಕ್ಕೆ ನಾನು ಯೋಚಿಸಲಿಲ್ಲ. ವರದಿಯ ಆ ಚೌಕದಲ್ಲಿ ಒಂದು ಸಂಖ್ಯೆ ಬೇಕಿತ್ತು, ಬರೆದೆ.

ಎಡವಟ್ಟುಗಳು ನಗುವಂಥವುಗಳಿಂದಲೇ ಶುರುವಾದವು. ಸಿಆರ್‌ಎಂನಲ್ಲಿ ನಿಯಮ ಬರೆಯುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ. ದಾಖಲೆ ತಿದ್ದಿದಾಗಲೆಲ್ಲ ಹೇಳಲೋ, ಅಥವಾ ಸ್ಥಿತಿ ಹೊಸದಾಗಿ ಬದಲಾದಾಗ ಮಾತ್ರ ಹೇಳಲೋ? ನಾನು ಅವಸರದಲ್ಲಿ ಮೊದಲನೆಯದನ್ನು ಆರಿಸಿದ್ದೆ. ಮಂಚ ಒಂದು ಸಲ ತಲುಪಿದ್ದರೆ, ಆಮೇಲೆ ಯಾರೋ ಆ ಮನೆಯ ಫೋನ್ ನಂಬರು ತಿದ್ದಿದಾಗ ಒಮ್ಮೆ, ಮನೆ ಸಂಖ್ಯೆಯ ಮುಂದೆ ಅಡ್ಡಗೆರೆ ಹಾಕಿದಾಗ ಇನ್ನೊಮ್ಮೆ, “ಮಂಚ ತಲುಪಿದೆ” ಎಂದು ಚಾನೆಲ್ ಸಾರುತ್ತಲೇ ಇತ್ತು. “ಆ ಮನೇಲಿ ಈಗ ಐದು ಮಂಚ ಆಯ್ತಲ್ಲೋ, ಛತ್ರ ಏನಾದ್ರೂ ನಡೆಸ್ತಾರಾ?” ಎಂದು ಅಕ್ಕ ಕೇಳಿದರು. ಮತ್ತೊಂದು ರಾತ್ರಿ ಲೆಕ್ಕಪತ್ರ ವಿಭಾಗದವರು ಆರುನೂರು ಹಳೆಯ ಗ್ರಾಹಕರ ಎಕ್ಸೆಲ್ ಹಾಳೆಯನ್ನು ಸಿಆರ್‌ಎಂಗೆ ಒಟ್ಟಿಗೆ ಏರಿಸಿದರು. ಸ್ಲ್ಯಾಕ್ ಒಂದು ಚಾನೆಲ್‌ಗೆ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಂದೇಶದಂತೆ ಬಿಟ್ಟುಕೊಳ್ಳುತ್ತದೆ. ಹೊಸ ಗ್ರಾಹಕರು ಬಂದರೆಂದು ಹತ್ತು ನಿಮಿಷ ಎಡೆಬಿಡದೆ ಎಲ್ಲರ ದಿಂಬಿನ ಪಕ್ಕದ ಫೋನುಗಳು ಟಿಂಗ್ ಟಿಂಗ್ ಎಂದವು.

ಮಾರನೆಯ ದಿನ ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ಚಾನೆಲ್ಲನ್ನು ಮ್ಯೂಟ್ ಮಾಡಿದ್ದರು. ಬೈದಿದ್ದರೆ ಒಳ್ಳೆಯದಿತ್ತು.

ಆಸ್ಪತ್ರೆಗಳಲ್ಲಿ ಇದಕ್ಕೆ ಹೆಸರೇ ಇದೆ ಎಂದು ಆಮೇಲೆ ಓದಿದೆ. ಅಲಾರಂ ಸುಸ್ತು. ಐಸಿಯು ಒಳಗೆ ಒಂದೊಂದು ಮಂಚದ ಸುತ್ತ ನಾಲ್ಕಾರು ಯಂತ್ರಗಳು, ಪ್ರತಿಯೊಂದೂ ಒಂದೊಂದು ಕಾರಣಕ್ಕೆ ಕೂಗುತ್ತಿರುತ್ತದೆ. ಬಹುಪಾಲು ಕೂಗಿಗೆ ಏನೂ ಮಾಡಬೇಕಿರುವುದಿಲ್ಲ, ರೋಗಿ ಮಗ್ಗುಲು ಬದಲಿಸಿರುತ್ತಾನೆ, ತಂತಿ ಸಡಿಲವಾಗಿರುತ್ತದೆ. ದಿನವೆಲ್ಲ ಅದನ್ನೇ ಕೇಳಿದ ಕಿವಿ ಮಂಕಾಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರ ಏಪ್ರಿಲ್‌ನಲ್ಲಿ ಈ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ಅದರ ಗಮನಕ್ಕೆ ಬಂದಿದ್ದವು, ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡಿದ್ದವು. ಅಲಾರಂ ಕೂಗದೇ ಹೋದ, ಸರಿಯಾಗಿ ಹೊಂದಿಸದೇ ಇದ್ದ ಪ್ರಕರಣಗಳೂ ಅದರಲ್ಲಿವೆ. ಆದರೆ ಕೂಗಿದ್ದು ಅತಿಯಾಗಿ ಕಿವಿಗೆ ಬೀಳದೇ ಹೋದದ್ದನ್ನು ಆ ಎಚ್ಚರಿಕೆ ಒತ್ತಿ ಹೇಳಿತ್ತು.

ನಮ್ಮದು ಐಸಿಯು ಅಲ್ಲ. ಆದರೂ ಒಂದು ಮಧ್ಯಾಹ್ನ ಹೀಗಾಯಿತು. ಮಿಷಿನ್ ಕೂಗುತ್ತಿದೆ, ಬೇಗ ಬನ್ನಿ ಎಂಬ ದೂರು ಚಾನೆಲ್‌ಗೆ ಬಂತು. ಮೂವರು ಅದಕ್ಕೆ ಹೆಬ್ಬೆರಳಿನ ಗುರುತು ಹಾಕಿದರು. ಮೂವರಲ್ಲಿ ಪ್ರತಿಯೊಬ್ಬನೂ ಉಳಿದಿಬ್ಬರಲ್ಲಿ ಒಬ್ಬ ಹೋಗಿರುತ್ತಾನೆ ಎಂದುಕೊಂಡ. ನಾಲ್ಕು ಗಂಟೆ ಯಾರೂ ಹೋಗಲಿಲ್ಲ. ಆ ಮನೆಯಲ್ಲಿ ಸಿಲಿಂಡರ್ ಒಂದಿತ್ತು, ಅದರಲ್ಲಿ ಕಾಲ ತಳ್ಳಿದರು, ಯಾರಿಗೂ ಏನೂ ಆಗಲಿಲ್ಲ. ಸಂಜೆ ಆ ಮನೆಯ ಮಗಳು ಫೋನ್ ಮಾಡಿ ಅಕ್ಕನ ಹತ್ತಿರ ಅತ್ತರಂತೆ. ಅಕ್ಕ ನನಗೆ ಹೇಳಿದ್ದು ಒಂದೇ ಮಾತು. “ಮೊದ್ಲು ನಾನು ಕೂಗಿದ್ರೆ ಒಬ್ಬ ಕೈ ಎತ್ತೋನು ಕಣೋ. ಈಗ ಮೂರು ಜನ ಬೆರಳು ಎತ್ತಿದ್ದಾರೆ.”

ನಾನು ಲಾಗ್ ತೆಗೆದು ನೋಡಿದೆ. ಸಿಆರ್‌ಎಂ ಚೀಟಿ ಕಳಿಸಿತ್ತು. ಸ್ಲ್ಯಾಕ್ ಓಕೆ ಎಂದಿತ್ತು. ನನ್ನ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಹಾಗಂತ ಅಕ್ಕನಿಗೆ ಹೇಳಲೂ ಹೋದೆ, ಬಾಯಿ ಬರಲಿಲ್ಲ. ಓಕೆ ಅಂದರೆ ಕಿಂಡಿಯೊಳಗೆ ಕಾಗದ ಬಿತ್ತು ಅಂತ. ಮನೆಯೊಳಗೆ ಯಾರಾದರೂ ಇದ್ದಾರಾ, ಎತ್ತಿಕೊಂಡರಾ, ಓದಿದರಾ, ಓದಿ ಎದ್ದರಾ ಎನ್ನುವುದು ಆ ಎರಡಕ್ಷರದಲ್ಲಿ ಇಲ್ಲ.

ಇಷ್ಟಾದರೂ ನನಗೆ ಬುದ್ಧಿ ಬಂದದ್ದು ಆಮೇಲಿನ ಇನ್ನೊಂದು ಘಟನೆಯಿಂದ.

ಒಂದು ದಿನ ಬೆಳಗ್ಗೆ ಅಕ್ಕ ತಮ್ಮ ಫೋನ್ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೂಗಲಿಲ್ಲ, ಎದ್ದು ಬಂದರು. ಪರದೆಯನ್ನು ನನ್ನ ಕಡೆ ತಿರುಗಿಸಿ, “ಏನೋ ಇದು, ಪಟಾಕಿ ಹೊಡೀತಿದೀಯಾ?” ಎಂದರು.

ಚಾನೆಲ್‌ನಲ್ಲಿ ಬಣ್ಣದ ಪಟಾಕಿಯ ಚಿತ್ರ. ಅದರ ಪಕ್ಕ “ಅಭಿನಂದನೆಗಳು! ಇನ್ನೊಂದು ಖಾತೆ ಕ್ಲೋಸ್ ಆಗಿದೆ!” ಕೆಳಗೆ ಗ್ರಾಹಕರ ಹೆಸರು, ಬಡಾವಣೆ. ಅದರ ಕೆಳಗೆ ಕಾರಣ: ರೋಗಿ ತೀರಿಕೊಂಡಿದ್ದಾರೆ. ಅದಕ್ಕೆ ಏಳು ಜನ ಚಪ್ಪಾಳೆ ತಟ್ಟಿದ್ದರು.

ಆದದ್ದಿಷ್ಟು. ಮಾರಾಟದ ಲೋಕದಲ್ಲಿ ಕ್ಲೋಸ್ ಅಂದರೆ ವ್ಯಾಪಾರ ಕುದುರಿತು ಅಂತ. ಸಿಆರ್‌ಎಂಗಳು ಹುಟ್ಟಿದ್ದೇ ಆ ಲೋಕದಲ್ಲಿ. ಹಾಗಾಗಿ ಸಿದ್ಧ ಮಾದರಿಗಳಲ್ಲಿ ಕ್ಲೋಸ್ ಎಂಬ ಹಂತ ಬಂದ ಕೂಡಲೇ ತಂಡಕ್ಕೆ ಅಭಿನಂದನೆ ಹೋಗುತ್ತದೆ. ನಾನು ಅಂಥದೊಂದು ಮಾದರಿಯನ್ನು ತಂದು ಕನ್ನಡ ಮಾಡಿ ಹಾಕಿದ್ದೆ. ಆದರೆ ನಮ್ಮಲ್ಲಿ ಕ್ಲೋಸ್ ಅಂದರೆ ಬಾಡಿಗೆ ಮುಗಿದು ಮಿಷಿನ್ ವಾಪಸ್ಸು ಬರುವುದು. ಮಿಷಿನ್ ವಾಪಸ್ಸು ಬರುವುದು ಎರಡೇ ಕಾರಣಕ್ಕೆ. ಒಂದು, ರೋಗಿ ಎದ್ದು ಓಡಾಡುವಂತಾದಾಗ. ಇನ್ನೊಂದು ಇದು.

ನಾನು ಚಾನೆಲ್ಲನ್ನು ಮೇಲಕ್ಕೆ ಎಳೆಯುತ್ತಾ ಹೋದೆ. ಐದು ವಾರದಿಂದ ನಡೆಯುತ್ತಲೇ ಇತ್ತು. ಎಣಿಸಿದೆ, ಇಂಥವು ಹದಿನಾಲ್ಕು. ಹದಿನಾಲ್ಕು ಸಾವಿಗೆ ಹದಿನಾಲ್ಕು ಸಲ ಪಟಾಕಿ ಹೊಡೆದಿದ್ದೆವು. ಎಷ್ಟೋ ಕಡೆ ಚಪ್ಪಾಳೆ ಇತ್ತು. ಒಂದು ಕಡೆ ನಾನೂ ತಟ್ಟಿದ್ದೆ. ಚಪ್ಪಾಳೆ ತಟ್ಟಿದವರು ಕಟುಕರಲ್ಲ. ಅವರಲ್ಲೊಬ್ಬ ಮಂಚ ವಾಪಸ್ಸು ತರಲು ಹೋದ ಮನೆಯಲ್ಲಿ ಹೆಣ ಎತ್ತಲು ಜನ ಸಾಲದೆ ಹೆಗಲು ಕೊಟ್ಟು ಬಂದವನು. ಪಟಾಕಿ ಕಂಡಿತು, ಚಪ್ಪಾಳೆ ಒತ್ತಿದ, ಅಷ್ಟೇ. ಓದಿರಲಿಲ್ಲ. ನಾನೇ ಬರೆದ ಸಂದೇಶವನ್ನು ನಾನೂ ಓದಿರಲಿಲ್ಲ.

“ಅವರ ಮನೆಯವರಿಗೇನೂ ಇದು ಹೋಗಲ್ಲ ಅಕ್ಕಾ, ನಮ್ಮೊಳಗೇ” ಎಂದೆ. ಅದು ಸಮಾಧಾನವೂ ಅಲ್ಲ, ಸಮರ್ಥನೆಯೂ ಅಲ್ಲ.

“ನಮ್ಮೊಳಗೇ ಅಂದ್ರೆ ಪರವಾಗಿಲ್ವಾ?” ಎಂದರು. ಆ ಮನೆಯ ಅಜ್ಜನ ಜೊತೆ ಅವರು ಎರಡು ವರ್ಷ ಮಾತಾಡಿದ್ದರು. ತಿಂಗಳ ಬಾಡಿಗೆ ಕೇಳಲು ಫೋನ್ ಮಾಡಿದರೆ ಅಜ್ಜ ಮೊದಲು ಬೆಂಗಳೂರಿನ ಮಳೆಯ ವಿಷಯ ಮಾತಾಡಿ, ಆಮೇಲೆ ಮೂಗಿನ ಕೊಳವೆಯಿಂದ ದನಿ ಗೊಗ್ಗರಾಗಿದೆ ಎಂದು ಕ್ಷಮೆ ಕೇಳಿ, ಕೊನೆಗೆ ದುಡ್ಡಿನ ವಿಷಯಕ್ಕೆ ಬರುತ್ತಿದ್ದರಂತೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ಅಮ್ಮ ಸುಮ್ಮನೆ ಕೇಳಿ, ನಮ್ಮೂರಿನ ಪೋಸ್ಟ್‌ಮ್ಯಾನ್ ನೆನಪು ಮಾಡಿಕೊಂಡರು. ಆಗ ಊರಿಗೆ ಟೆಲಿಗ್ರಾಂ ಬಂತೆಂದರೆ ಯಾರದೋ ಸಾವು ಎಂದೇ ಲೆಕ್ಕ. ನಮ್ಮ ಅಜ್ಜಿಯ ತವರಿನಿಂದ ಅವರ ಅಣ್ಣ ತೀರಿಕೊಂಡ ಟೆಲಿಗ್ರಾಂ ಬಂದ ದಿನ ಆತ ನೇರವಾಗಿ ನಮ್ಮ ಮನೆಗೆ ಬರಲಿಲ್ಲವಂತೆ. ಪಕ್ಕದ ಮನೆಗೆ ಹೋಗಿ, ಅಲ್ಲಿನ ಹಿರಿಯರ ಕಿವಿಗೆ ಹಾಕಿ, ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳಿ, ಅಜ್ಜಿಯ ಊಟ ಆಗಿದೆಯೇ ಎಂದೂ ಕೇಳಿದನಂತೆ. ಆಗಿರಲಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಅರ್ಧ ಗಂಟೆ ಕೂತಿದ್ದು, ಅಜ್ಜಿ ಉಂಡು ಕೈ ತೊಳೆದ ಮೇಲೆ ಆ ಹಿರಿಯರನ್ನೇ ಮುಂದೆ ಮಾಡಿಕೊಂಡು ಬಂದನಂತೆ. “ಅವತ್ತು ಹೇಳಿದ್ರೆ ಮೂರು ದಿನ ಅನ್ನ ಮುಟ್ತಿರಲಿಲ್ಲ ನಿಮ್ಮಜ್ಜಿ, ಅವನಿಗೆ ಅದು ಗೊತ್ತಿತ್ತು” ಎಂದರು ಅಮ್ಮ. ಅಂಚೆ ಇಲಾಖೆಯ ಯಾವ ನಿಯಮದಲ್ಲೂ ಅದು ಇದ್ದಿರಲಾರದು. ನಿಯಮದ ಪ್ರಕಾರ ನೋಡಿದರೆ ಆತ ಟೆಲಿಗ್ರಾಂ ತಡಮಾಡಿದ್ದ.

ಭಾರತದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈನಲ್ಲಿ. ಸ್ಲ್ಯಾಕ್ ಲೋಕಕ್ಕೆ ಪರಿಚಯವಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಗ್ಲಿಚ್ ಎಂಬ ಆನ್‌ಲೈನ್ ಆಟ ತಯಾರಿಸುತ್ತಿದ್ದ ಸಣ್ಣ ಕಂಪನಿಯೊಂದು ತನ್ನೊಳಗಿನ ಮಾತುಕತೆಗೆಂದು ಮಾಡಿಕೊಂಡಿದ್ದ ಸಾಧನ ಅದು. ಆಟ ಓಡಲಿಲ್ಲ, ಸಾಧನ ಓಡಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಿಆರ್‌ಎಂ ಕಂಪನಿ ಅದನ್ನು 2,770 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಗ್ರಾಹಕರ ದಾಖಲೆ ಮತ್ತು ತಂಡದ ಮಾತುಕತೆ ಒಂದೇ ಸೂರಿನಡಿ ಬಂದದ್ದು ಹಾಗೆ. ಟೆಲಿಗ್ರಾಂ ಹೋಗಿ ಸ್ಲ್ಯಾಕ್ ಬಂದದ್ದು ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬೇಕಿಲ್ಲ. ಆದರೆ ತಂತಿಯಲ್ಲಿ ಬಂದ ಸುದ್ದಿ ಕೊನೆಯ ನೂರು ಹೆಜ್ಜೆಯನ್ನು ಒಬ್ಬ ಮನುಷ್ಯನ ಕಾಲಿನ ಮೇಲೆ ನಡೆಯುತ್ತಿತ್ತು. ನಾನು ಉಳಿಸಿದ್ದು ಆ ನೂರು ಹೆಜ್ಜೆಯನ್ನು.

ಮುಂದಿನ ಶನಿವಾರ ಮಧ್ಯಾಹ್ನ ಆಫೀಸು ಖಾಲಿಯಾದ ಮೇಲೆ ಅಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರ ಲೆಕ್ಕದ ಪುಸ್ತಕ ತೆಗೆಸಿದೆ. ಸಿಆರ್‌ಎಂ ಬಂದ ಮೇಲೂ ಅವರು ಅದನ್ನು ಬರೆಯುವುದು ಬಿಟ್ಟಿರಲಿಲ್ಲ. ಕೆಲವು ಹೆಸರುಗಳ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ, ಚುಕ್ಕೆಯ ಪಕ್ಕ ಒಂದು ತಾರೀಕು.

“ಇದೇನಕ್ಕಾ?”

“ಹೋಗಿಬಿಟ್ಟವರು. ಆ ತಾರೀಕಿನ ತನಕ ಆ ಮನೆಗೆ ನಮ್ಮ ಕಡೆಯಿಂದ ಯಾರೂ ಫೋನ್ ಮಾಡಬಾರದು. ಬಿಲ್ ಕೂಡ ಹೋಗಬಾರದು. ಅಕೌಂಟ್ಸ್‌ನೋರಿಗೆ ನಾನೇ ಹೇಳಿಟ್ಟಿರ್ತೀನಿ.”

ನನಗೆ ಖುಷಿಯಾಯಿತು. ಇದು ನಿಯಮ ಬರೆಯಬಹುದಾದ ಸಂಗತಿ. “ಎಷ್ಟು ದಿನ ಅಂತ ಹಾಕಲಿ? ಹದಿಮೂರಾ?”

ಅಕ್ಕ ನಕ್ಕರು. “ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ಕೆಲವರಿಗೆ ಮಿಷಿನ್ನು ಕಣ್ಣೆದುರು ಇರೋದೇ ಬೇಡ, ಅದೇ ದಿನ ಸಂಜೆ ತಗೊಂಡು ಹೋಗಿ ಅಂತಾರೆ. ಒಂದು ಮನೇಲಿ ಮಗ ದುಬೈಯಿಂದ ಬರೋ ತನಕ ಮಂಚ ಹಾಗೇ ಇರ್ಲಿ ಅಂದ್ರು, ಅಪ್ಪ ಮಲಗ್ತಿದ್ದ ಜಾಗ ನೋಡ್ಬೇಕಂತೆ.”

“ಹಾಗಾದ್ರೆ ಏನಂತ ಹಾಕ್ಲಿ?”

“ಕೇಳಿ ಹಾಕು.”

ಕೇಳಿ ಹಾಕು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಕೊಡದ ಸೂಚನೆ ಅದು. ಸಿಆರ್‌ಎಂನಲ್ಲಿ ಒಂದು ಖಾಲಿ ಚೌಕ ಸೇರಿಸಿದೆ: “ಮನೆಯವರು ಹೇಳಿದ ದಿನ.” ಅದರಲ್ಲಿ ತಾರೀಕು ತುಂಬುವ ತನಕ ಬಿಲ್ಲೂ ಹೋಗುವುದಿಲ್ಲ, ಗಾಡಿಯೂ ಹೋಗುವುದಿಲ್ಲ, “ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ” ಎಂಬ ಸಂದೇಶವಂತೂ ಹೋಗುವುದೇ ಇಲ್ಲ. ತಾರೀಕನ್ನು ಯಾರೋ ಒಬ್ಬರು ಫೋನ್ ಮಾಡಿ, ಕೇಳಿಯೇ ತುಂಬಬೇಕು.

ಅವತ್ತು ಸಂಜೆಯ ಹೊತ್ತಿಗೆ ಹನ್ನೊಂದು ಬಗೆಯ ಚೀಟಿಗಳಲ್ಲಿ ಮೂರು ಉಳಿದವು. ಹೊಸ ವಿಚಾರಣೆಗಳು ಬೆಳಗ್ಗೆ ಒಂಬತ್ತಕ್ಕೆ ಒಂದೇ ಪಟ್ಟಿಯಾಗಿ ಬರುವಂತೆ ಮಾಡಿದೆ. ಅವುಗಳಿಗೆ ಯಾರೂ ಊಟ ಬಿಟ್ಟು ಓಡಬೇಕಿಲ್ಲ. ದೂರು ಬಂದರೆ ಎಲ್ಲರಿಗೂ ಹೋಗುವುದಿಲ್ಲ, ಆ ದಿಕ್ಕಿನಲ್ಲಿ ಅವತ್ತು ಕೆಲಸ ಮಾಡುತ್ತಿರುವ ಒಬ್ಬನಿಗೆ ಹೋಗುತ್ತದೆ, ಅವನ ಹೆಸರು ಹಿಡಿದು. ಸಂದೇಶದ ಕೆಳಗೆ ಒಂದು ಗುಂಡಿ: “ನಾನು ಹೋಗ್ತೀನಿ.” ಇದಕ್ಕೆ ಬರೀ ವೆಬ್‌ಹುಕ್ ಸಾಲದು. ವೆಬ್‌ಹುಕ್ಕಿಗೆ ಹೇಳುವುದಷ್ಟೇ ಗೊತ್ತು, ಗುಂಡಿ ಒತ್ತಿದ್ದನ್ನು ಕೇಳಿಸಿಕೊಳ್ಳಲು ನಮ್ಮ ಕಡೆಯೂ ಒಂದು ಕಿವಿ ಬೇಕು. ಅದನ್ನು ಕಟ್ಟಲು ಮೂರು ದಿನ ಹಿಡಿಯಿತು. ಹದಿನೈದು ನಿಮಿಷದಲ್ಲಿ ಗುಂಡಿ ಒತ್ತದಿದ್ದರೆ ಸುದ್ದಿ ಅಕ್ಕನಿಗೆ ಹೋಗುತ್ತದೆ. ಅಕ್ಕ ಕೂಗುತ್ತಾರೆ.

ಮೂರನೆಯದು ಕ್ಲೋಸ್. ಅದು ಅಕ್ಕನಿಗೆ ಮಾತ್ರ. ಚಿತ್ರವಿಲ್ಲ, ಸದ್ದಿಲ್ಲ. ಸಂದೇಶ ಏನಿರಲಿ ಎಂದು ಅವರನ್ನೇ ಕೇಳಿದೆ. “ಹೆಸರು ಇರ್ಲಿ, ಎಷ್ಟು ದಿನದಿಂದ ನಮ್ಮ ಮಿಷಿನ್ ಅಲ್ಲಿತ್ತು ಅಂತ ಇರ್ಲಿ. ಸಾಕು” ಎಂದರು.

ಇಷ್ಟು ಮಾಡಿದ್ದು ಸುಲಭ. ಕಷ್ಟದ್ದು ಇನ್ನೊಂದಿತ್ತು. ನಾನು ಬರೆದುಕೊಟ್ಟಿದ್ದ ಆ “ದಿನಕ್ಕೆ 2 ಗಂಟೆ” ಅಷ್ಟರಲ್ಲಿ ತನ್ನ ಪಾಡಿಗೆ ತಾನು ಮೇಲಕ್ಕೆ ನಡೆದುಹೋಗಿತ್ತು. ಅಕ್ಕನನ್ನು ಅರ್ಧ ದಿನಕ್ಕೆ ಇಟ್ಟುಕೊಂಡರೆ ಸಾಲದೇ ಎಂಬ ಮಾತು ಮಾಲೀಕರ ಕೋಣೆಯಲ್ಲಿ ನಡೆಯುತ್ತಿದೆ ಎಂದು ಮ್ಯಾನೇಜರೇ ನನಗೆ ಹೇಳಿದರು, ನನ್ನನ್ನು ಹೊಗಳುವ ದನಿಯಲ್ಲಿ. ನಾನು ವರದಿ ತಿದ್ದಿ ಕೊಡುತ್ತೇನೆ ಎಂದೆ. “ಏನಂತ ತಿದ್ದುತ್ತೀರಿ?” ಎಂದರು. ಆ ಎರಡು ಗಂಟೆಯಲ್ಲಿ ಕೂಗುವುದು ಕಾಲು ಗಂಟೆಯೂ ಇರಲಿಲ್ಲ, ಉಳಿದದ್ದು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವ ಕೆಲಸ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದೆ. ಹದಿನಾಲ್ಕು ಪಟಾಕಿಗಳ ಪಟ್ಟಿಯನ್ನೂ ಮುಂದಿಟ್ಟೆ. ಅವರು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಒಂದಕ್ಕೆ ಅವರದೂ ಚಪ್ಪಾಳೆ ಇತ್ತು.

ಅಕ್ಕನ ಕೆಲಸ ಪೂರ್ತಿ ದಿನದ್ದಾಗಿಯೇ ಉಳಿಯಿತು. ಇದನ್ನೆಲ್ಲ ನಾನು ಅವರಿಗೆ ಹೇಳಲಿಲ್ಲ. ಮೊದಲು ಆ ಸಂಖ್ಯೆ ಬರೆದವನು ನಾನೇ ಎಂದು ಹೇಳಬೇಕಾಗುತ್ತಿತ್ತಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಅಕ್ಕ ತಾವಾಗಿಯೇ ಕೆಲಸ ಬಿಟ್ಟರು. ಹಾಸನದಲ್ಲಿ ಮಗಳಿಗೆ ಮಗು ಆಗಿತ್ತು, ನೋಡಿಕೊಳ್ಳುವವರು ಬೇಕಿತ್ತು. ಹೋಗುವ ದಿನ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ನಿನ್ನ ಕಂಪ್ಯೂಟರಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ನೋಡ್ಕೋ” ಎಂದರು. ಕ್ಲೋಸ್ ಸಂದೇಶ ಇನ್ನು ಯಾರಿಗೆ ಹೋಗಬೇಕು ಎಂದು ಮ್ಯಾನೇಜರ್ ಕೇಳಿದಾಗ, ಹೊಸಬರು ಬರುವ ತನಕ ನನಗೇ ಬರಲಿ ಎಂದೆ. ಹೊಸಬರು ಬಂದಿದ್ದಾರೆ. ಆ ಸಂದೇಶ ಈಗಲೂ ನನಗೇ ಬರುತ್ತದೆ.

ಮೊದಲನೆಯದು ಬಂದದ್ದು ಅಕ್ಕ ಹೋದ ಮೂರನೇ ದಿನ. ಸದ್ದಿಲ್ಲದೆ ಬಂದು ಕೂತಿತ್ತು. ಒಂದು ಹೆಸರು, ಅದರ ಕೆಳಗೆ 412 ದಿನ. ತಾರೀಕಿನ ಚೌಕ ಖಾಲಿ. ಅದನ್ನು ತುಂಬಬೇಕಾದರೆ ಫೋನ್ ಮಾಡಬೇಕು, ನಾನೇ ಮಾಡಿದ ನಿಯಮ. ಏನು ಹೇಳುವುದು ಎಂದು ಒಂದು ಕಾಗದದಲ್ಲಿ ಬರೆದುಕೊಂಡೆ. ಬರೆದದ್ದು ಬ್ಯಾಂಕಿನವರ ಸಂದೇಶದ ಹಾಗೆ ಕಂಡಿತು, ಹರಿದು ಹಾಕಿದೆ. ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ನಂಬರು ಒತ್ತಿದೆ.

ನಾನು ಕಂಪನಿಯ ಹೆಸರು ಹೇಳಿದೆ. ಆ ಕಡೆ ವಯಸ್ಸಾದ ಹೆಂಗಸಿನ ದನಿ. ಸ್ವಲ್ಪ ಹೊತ್ತು ಏನೂ ಇಲ್ಲ. ಹಿಂದೆ ಎಲ್ಲೋ ಪಾತ್ರೆಯ ಸದ್ದು, ಮಕ್ಕಳ ಮಾತು.

“ಅಕ್ಕ ಇಲ್ವೇನಪ್ಪಾ?” ಎಂದರು.

“ಇಲ್ಲಮ್ಮ, ಊರಿಗೆ ಹೋಗಿದ್ದಾರೆ. ಅವರ ಬದಲಿಗೆ ನಾನು ಮಾಡ್ತಿದ್ದೀನಿ” ಎಂದೆ. ಬೇರೇನೂ ಹೊಳೆಯದೆ, “ಊಟ ಆಯ್ತಾ ಅಮ್ಮ?” ಎಂದು ಕೇಳಿದೆ.

“ಈಗ ಕೂತ್ಕೋಬೇಕಪ್ಪಾ” ಎಂದರು.

“ಹಾಗಾದ್ರೆ ಊಟ ಮಾಡಿ. ಆಮೇಲೆ ಮಾಡ್ತೀನಿ” ಎಂದು ಫೋನ್ ಇಟ್ಟೆ.